ನೆತ್ತರಿನಲ್ಲಿ ಪದಕವಿದೆಯೆ?

ನಾಲ್ಕು ವರ್ಷಗಳಿಗೊಮ್ಮೆ ಒಲಿಂಪಿಕ್ ಕ್ರೀಡಾಕೂಟವು ಮುಗಿದೊಡನೆ ನಮ್ಮ ದೇಶದಲ್ಲಿ ಒಂದು ಲೆಕ್ಕಾಚಾರವು ತಪ್ಪದೆ ನಡೆಯುತ್ತದೆ. ನೂರನಾಲ್ವತ್ತು ಕೋಟಿ ಜನರು ಒಂದು ಕಡೆ. ಬೆರಳೆಣಿಕೆಯ ಪದಕಗಳು ಇನ್ನೊಂದು ಕಡೆ. ಟೋಕಿಯೋ ಕೂಟದಲ್ಲಿ ಏಳು, 2024ರ ಪ್ಯಾರಿಸ್ ಕೂಟದಲ್ಲಿ ಆರು. ಚಹದಂಗಡಿಯಲ್ಲಿಯೂ ಕಾಲೇಜಿನ ಕಟ್ಟೆಯ ಮೇಲೆಯೂ ಈ ಲೆಕ್ಕವನ್ನು ಹಾಕುವವರು ಕೊನೆಗೆ ಎರಡು ಉತ್ತರಗಳಲ್ಲಿ ಒಂದನ್ನು ಹಿಡಿಯುತ್ತಾರೆ. "ನಮ್ಮ ಮೈಕಟ್ಟೇ ಅಂಥದಲ್ಲ" ಎಂಬುದು ಮೊದಲನೆಯದು. "ಅಂಥ ಮೈಕಟ್ಟಿನವರು ನಮ್ಮ ಕಾಡುಗಳಲ್ಲಿ ಇದ್ದಾರೆ, ಅವರನ್ನು ಹುಡುಕಿ ತರುವವರಿಲ್ಲ" ಎಂಬುದು ಎರಡನೆಯದು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಎರಡರ ಬುಡದಲ್ಲಿಯೂ ಇರುವ ನಂಬಿಕೆ ಒಂದೇ: ಗೆಲುವು ಮನುಷ್ಯನಿಗೆ ಹುಟ್ಟಿನಿಂದ, ನೆತ್ತರಿನ ಮೂಲಕ ಬರುತ್ತದೆ ಎಂಬುದು.

ಈ ನಂಬಿಕೆಯನ್ನು ವಿಜ್ಞಾನದ ಒರೆಗೆ ಹಚ್ಚಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಕಾರವಾರವನ್ನು ಮುಖ್ಯಸ್ಥಳವಾಗಿ ಉಳ್ಳ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಈ ನಂಬಿಕೆಯ ಮೇಲೆ ಒಂದು ಸರ್ಕಾರೀ ಪ್ರಯೋಗವು ನಡೆದುಹೋಗಿದೆ. ಅದರ ಕಥೆಯನ್ನು ಹೇಳುವ ಮುನ್ನ ಭಾರತವು ಇಂಥ ಕೂಟಗಳಲ್ಲಿ ನಡೆದುಬಂದ ದಾರಿಯನ್ನು ಸ್ವಲ್ಪ ನೋಡಬೇಕು.

1900ರಲ್ಲಿ ಪ್ಯಾರಿಸ್ಸಿನಲ್ಲಿ ನಾರ್ಮನ್ ಪ್ರಿಚರ್ಡ್ ಎಂಬಾತನು ಎರಡು ಬೆಳ್ಳಿಯ ಪದಕಗಳನ್ನು ಗಳಿಸಿದುದು ದಾಖಲೆಯಲ್ಲಿ ಭಾರತದ ಹೆಸರಿಗೆ ಇದೆಯಾದರೂ ನಮ್ಮ ದೇಶದ ತಂಡವೆಂಬುದು ನಿಜವಾಗಿ ಹೊರಟುದು 1920ರಲ್ಲಿ, ಬೆಲ್ಜಿಯಮ್ಮಿನ ಆಂಟ್ವರ್ಪ್ ನಗರಕ್ಕೆ. ಅದಕ್ಕೆ ಮೂಲಪುರುಷರು ಸರ್ ದೊರಾಬ್ಜಿ ಟಾಟಾ. ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡೆಗಳಲ್ಲಿ ಹಳ್ಳಿಯ ರೈತರ ಮಕ್ಕಳು ಬರಿಗಾಲಿನಲ್ಲಿ ಓಡುವುದನ್ನು ಕಂಡು ಅವರು ಬೆರಗಾದರು. ಹೀಗೆ ಆಯ್ಕೆಯಾದವರಲ್ಲಿ ಒಬ್ಬರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಆಗ ಬೆಳಗಾವಿಯೂ ಕಾರವಾರವೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಆ ವರ್ಷದ ಮ್ಯಾರಥಾನ್ ಓಟದ ದೂರ 42,750 ಮೀಟರುಗಳು. ಒಲಿಂಪಿಕ್ ಇತಿಹಾಸದಲ್ಲಿಯೇ ಅತ್ಯಂತ ಉದ್ದವಾದುದು. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಮೊದಲಿಗನಾದ ಫಿನ್ಲೆಂಡಿನ ಕೋಲೆಹ್ಮೈನನ್ನನಿಗೂ ಇವರಿಗೂ ಇದ್ದ ಅಂತರ ಸುಮಾರು 18 ನಿಮಿಷಗಳು. ಒಲಿಂಪಿಕ್ ಕೂಟವೆಂದರೇನೆಂಬುದನ್ನೇ ಅರಿಯದ ನಾಡಿನಿಂದ ಹೋದವರಿಗೆ ಇದು ಕಡಿಮೆಯ ಸಾಧನೆಯಲ್ಲ. ಆದರೆ ಬರಿಗಾಲಿನ ಹಳ್ಳಿಗನನ್ನು ಕಂಡು "ಇವನಿಗೆ ಇದು ಹುಟ್ಟುಗುಣ" ಎನ್ನುವ ಬೆರಗು ಅಂದಿನಿಂದಲೇ ನಮ್ಮ ಕ್ರೀಡಾಚಿಂತನೆಯ ಜೊತೆಗೆ ನಡೆದುಬಂದಿತೆಂದು ನಮಗೆ ತೋರುತ್ತದೆ.

ಮುಂದೆ ಹಾಕಿಯ ಸುವರ್ಣಕಾಲ ಬಂದಿತು. 1928ರಿಂದ 1956ರ ವರೆಗೆ ಬಿಡದೆ ಆರು ಚಿನ್ನದ ಪದಕಗಳು; ಬಳಿಕ 1964ರಲ್ಲಿಯೂ 1980ರಲ್ಲಿಯೂ ಒಂದೊಂದು. 1951ರಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಜಪಾನಿನ ನಂತರದ ಸ್ಥಾನ ನಮ್ಮದಾಗಿತ್ತು. ಹಾಕಿಯ ಈ ಗೆಲುವುಗಳಿಗೆ ಭಾರತೀಯರ ಮಣಿಕಟ್ಟಿನ ಸಹಜ ಚಳಕವೇ ಕಾರಣವೆಂದು ಎಷ್ಟೋ ಜನ ಬರೆದರು. ದಂಡಿನ ಮೈದಾನಗಳು, ರೈಲ್ವೆ ಕಾಲೊನಿಗಳು, ಪಾದ್ರಿಗಳ ಶಾಲೆಗಳು ಇವುಗಳಲ್ಲಿ ದಿನವೂ ಸಂಜೆ ನಡೆಯುತ್ತಿದ್ದ ಆಟವನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. 1972ರಲ್ಲಿ ಕಂಚು ಗೆದ್ದ ತಂಡವು 1976ರಲ್ಲಿ ಮಾಂಟ್ರಿಯಾಲಿನಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ನಾಲ್ಕು ವರ್ಷಗಳಲ್ಲಿ ನಮ್ಮ ಜನರ ಮಣಿಕಟ್ಟು ಬದಲಾಯಿತೆ? ಬದಲಾದುದು ಮೈದಾನ. ಹುಲ್ಲಿನ ಬದಲು ಕೃತಕ ಹಾಸಿನ ಮೇಲೆ ಒಲಿಂಪಿಕ್ ಹಾಕಿ ನಡೆದುದು ಆಗಲೇ ಮೊದಲು. ಆ ಹಾಸು ನಮ್ಮ ಹುಡುಗರ ಕಾಲಿಗೆ ದೊರೆತಿರಲಿಲ್ಲ.

1980ರ ನಂತರ ಬರಗಾಲ. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಪಿ. ಟಿ. ಉಷಾ ಅವರು 400 ಮೀಟರ್ ಅಡೆತಡೆಯ ಓಟದಲ್ಲಿ ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಕಂಚನ್ನು ಕಳೆದುಕೊಂಡರು. ಆ ಕೂಟದಲ್ಲಿಯೂ 1988ರ ಮತ್ತು 1992ರ ಕೂಟಗಳಲ್ಲಿಯೂ ಭಾರತಕ್ಕೆ ಒಂದು ಪದಕವೂ ಇಲ್ಲ. 1986ರ ಸೋಲ್ ಏಷ್ಯನ್ ಕೂಟದಲ್ಲಿ ಬಂದ ಐದು ಚಿನ್ನಗಳಲ್ಲಿ ನಾಲ್ಕರಲ್ಲಿ ಉಷಾ ಅವರ ಓಟವಿತ್ತು. ಒಬ್ಬಾಕೆಯ ಕಾಲುಗಳ ಮೇಲೆ ಒಂದು ದೇಶವು ನಿಂತಿರುವಾಗ ಆಳುವವರಿಗೆ ಆತುರ ಹುಟ್ಟುವುದು ಸಹಜ. ಆಗ ಮೂಡಿಬಂದುದು ಭಾರತೀಯ ಕ್ರೀಡಾ ಪ್ರಾಧಿಕಾರದ "ವಿಶೇಷ ಪ್ರದೇಶ ಕ್ರೀಡಾ ಯೋಜನೆ". ಗುಡ್ಡಗಾಡು, ಕಾಡು, ಕಡಲತೀರಗಳಲ್ಲಿರುವ ಜನರಲ್ಲಿ ಪ್ರತಿಭೆಯನ್ನು ಹುಡುಕುವುದು ಅದರ ಉದ್ದೇಶ. ಉದ್ದೇಶವೇನೋ ಒಳ್ಳೆಯದೇ, ರಾಜಸ್ಥಾನದ ಆದಿವಾಸಿ ಯುವಕ ಲಿಂಬಾ ರಾಮ್ ಬಿಲ್ಲುಗಾರನಾಗಿ ಮೂರು ಒಲಿಂಪಿಕ್ ಕೂಟಗಳಿಗೆ ಹೋದುದು ಈ ದಾರಿಯಿಂದಲೇ.

ಅಂಕೋಲೆಯಿಂದ ಯಲ್ಲಾಪುರಕ್ಕೆ ಹೋಗುವ ಹೆದ್ದಾರಿಯು ಅರೆಬೈಲು ಘಟ್ಟವನ್ನು ಏರುತ್ತದಷ್ಟೆ. ಅಂಕೋಲೆಯ ಒಳನಾಡು, ಯಲ್ಲಾಪುರ, ಹಳಿಯಾಳ, ಮುಂಡಗೋಡ, ಶಿರಸಿ ತಾಲ್ಲೂಕುಗಳ ಕಾಡಿನ ಸೆರಗಿನಲ್ಲಿ ಸಿದ್ದಿ ಜನರು ವಾಸವಾಗಿದ್ದಾರೆ. ಇವರ ಪೂರ್ವಿಕರು ಆಫ್ರಿಕದಿಂದ ಬಂದವರು. ಬಹುಮಟ್ಟಿಗೆ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟದ ಕಾಡುಗಳನ್ನು ಸೇರಿದವರು. ಇವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇದ್ದಾರೆ. ಮನೆಯಲ್ಲಿ ಕೊಂಕಣಿಯನ್ನೂ ಹೊರಗೆ ಕನ್ನಡವನ್ನೂ ಆಡುತ್ತಾರೆ. 1987ರಲ್ಲಿ ಈ ಯೋಜನೆಯ ಕಣ್ಣು ಇವರ ಮೇಲೆ ಬಿದ್ದಿತು. ಆಗ ಕ್ರೀಡಾಖಾತೆಯನ್ನು ನೋಡಿಕೊಳ್ಳುತ್ತಿದ್ದವರು ಮಾರ್ಗರೆಟ್ ಆಳ್ವ. 1999ರಲ್ಲಿ ಇದೇ ಜಿಲ್ಲೆಯಿಂದ ಅವರು ಲೋಕಸಭೆಗೆ ಆರಿಸಿಬಂದರು. ಆಫ್ರಿಕದ ಮೂಲದವರು ಓಟದಲ್ಲಿ ಲೋಕವನ್ನೇ ಗೆಲ್ಲುತ್ತಿರುವಾಗ ನಮ್ಮಲ್ಲಿಯೇ ಇರುವ ಆಫ್ರಿಕದ ಮೂಲದವರು ನಮಗೇಕೆ ಗೆದ್ದುಕೊಡಬಾರದು ಎಂಬುದು ತರ್ಕ. ಕಾಡಿನಿಂದ ಹುಡುಗ ಹುಡುಗಿಯರನ್ನು ಆರಿಸಿ ಬೆಂಗಳೂರು ಮೊದಲಾದ ತರಬೇತಿ ಕೇಂದ್ರಗಳಿಗೆ ಕಳುಹಿಸಿದರು. ಅವರಲ್ಲಿ ಕೆಲವರು ರಾಷ್ಟ್ರೀಯ ಕೂಟಗಳಲ್ಲಿ ಪದಕಗಳನ್ನು ಗಳಿಸಿದರು. 1993ರಲ್ಲಿ ಸಿದ್ದಿಗಳ ಈ ಕಾರ್ಯಕ್ರಮವು ನಿಂತುಹೋಯಿತು. ಕೆಲವರಿಗೆ ಕ್ರೀಡಾ ಮೀಸಲಿನಿಂದ ನೌಕರಿ ದೊರೆಯಿತು. ಉಳಿದವರು ಊರಿಗೆ ಮರಳಿ ಗದ್ದೆ ಕಾಡುಗಳ ಕೂಲಿಗೆ ಹೋದರು.

ಇದನ್ನು ಕೇಳಿದವರು "ನೋಡಿ, ಸರ್ಕಾರವು ಕೈಬಿಡದಿದ್ದರೆ ಇಷ್ಟು ಹೊತ್ತಿಗೆ ಒಲಿಂಪಿಕ್ ಚಿನ್ನ ಬರುತ್ತಿತ್ತು" ಎನ್ನುತ್ತಾರೆ. ಸರ್ಕಾರವು ಕೈಬಿಟ್ಟುದು ತಪ್ಪೆಂಬುದರಲ್ಲಿ ನಮಗೂ ಸಂಶಯವಿಲ್ಲ. ಹತ್ತು ಹನ್ನೆರಡು ವರ್ಷದ ಮಗುವೊಂದು ಪೂರ್ಣ ಬಲದ ಓಟಗಾರನಾಗಲು ಹತ್ತು ವರ್ಷವಾದರೂ ಬೇಕು. ಆರು ವರ್ಷಕ್ಕೆ ಕಿತ್ತ ಗಿಡದಲ್ಲಿ ಹಣ್ಣನ್ನು ಹುಡುಕುವುದು ಹೇಗೆ? ಆದರೆ ಪ್ರಯೋಗವು ಅರ್ಧಕ್ಕೆ ನಿಂತುದಕ್ಕಿಂತಲೂ ಮೊದಲಿನ ದೋಷವೊಂದಿದೆ. ಪ್ರಶ್ನೆಯನ್ನು ಕೇಳಿದ ಬಗೆಯೇ ಸರಿಯಾಗಿರಲಿಲ್ಲ.

"ಆಫ್ರಿಕದ ನೆತ್ತರು" ಎಂದೊಡನೆ ನಾವು ಒಂದೇ ವಸ್ತುವನ್ನು ಭಾವಿಸಿಕೊಳ್ಳುತ್ತೇವೆ. ಜೀವವಿಜ್ಞಾನವು ಹೇಳುವುದು ಬೇರೆ. ಮಾನವಕುಲದ ಆನುವಂಶಿಕ ವೈವಿಧ್ಯವು ಬೇರೆಲ್ಲ ಖಂಡಗಳಿಗಿಂತ ಆಫ್ರಿಕದಲ್ಲಿಯೇ ಹೆಚ್ಚು. ದೂರದ ಓಟದಲ್ಲಿ ಹೆಸರಾದವರು ಪೂರ್ವ ಆಫ್ರಿಕದ ಎತ್ತರದ ಪ್ರಸ್ಥಭೂಮಿಯವರು. ನೂರು ಮೀಟರಿನ ಓಟದಲ್ಲಿ ಹೆಸರಾದ ಜಮೈಕದವರ ಪೂರ್ವಿಕರು ಬಹುಮಟ್ಟಿಗೆ ಪಶ್ಚಿಮ ಆಫ್ರಿಕದವರು. ಸಿದ್ದಿಗಳಾದರೋ ಈ ಎರಡು ಗುಂಪಿಗೂ ಸೇರಿದವರಲ್ಲ. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿ.ಎನ್.ಎ.ಯನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಿದ್ದಿಗಳ ಆಫ್ರಿಕದ ಮೂಲವು ಬಾಂಟು ಭಾಷೆಗಳನ್ನಾಡುವ ಜನರದು. ಅದರೊಡನೆ ಭಾರತೀಯರ ವಂಶವಾಹಿಗಳೂ ಸ್ವಲ್ಪ ಯೂರೋಪಿನವರವೂ ಬೆರೆತಿವೆ. ಈ ಬೆರಕೆ ನಡೆದುದು ಸುಮಾರು 200 ವರ್ಷಗಳ ಹಿಂದೆ. ಕೀನ್ಯದ ಓಟಗಾರನ ಪದಕವನ್ನು ತೋರಿಸಿ ಅಂಕೋಲೆಯ ಸಿದ್ದಿ ಬಾಲಕನಿಂದ ಅದನ್ನೇ ಬೇಡುವುದು, ನಾರ್ವೆಯವನು ಹಿಮದ ಮೇಲೆ ಜಾರುವುದನ್ನು ಕಂಡು ಇಟಲಿಯವನನ್ನು "ನೀನೂ ಯೂರೋಪಿನವನಲ್ಲವೆ?" ಎಂದು ಕೇಳಿದಂತೆ.

ಬಾಂಟು ಭಾಷಿಕರ ದೊಡ್ಡ ದೇಶಗಳಲ್ಲಿ ಒಂದು ಮೊಜಾಂಬಿಕ್. ಪೋರ್ಚುಗೀಸರ ಹಡಗುಗಳು ಗೋವೆಗೆ ಗುಲಾಮರನ್ನು ತುಂಬಿಕೊಂಡು ಬರುತ್ತಿದ್ದುದು ಹೆಚ್ಚಾಗಿ ಆ ಕರಾವಳಿಯಿಂದ. ಮೂರು ಕೋಟಿಗೆ ಮೀರಿದ ಜನಸಂಖ್ಯೆಯ ಆ ದೇಶಕ್ಕೆ 2024ರ ವರೆಗೆ ದೊರೆತಿರುವ ಒಲಿಂಪಿಕ್ ಪದಕಗಳು ಎರಡು. ಎರಡನ್ನೂ ಗೆದ್ದವಳು ಒಬ್ಬಳೇ: 800 ಮೀಟರಿನ ಓಟಗಾರ್ತಿ ಮರಿಯಾ ಮುಟೋಲಾ, 1996ರಲ್ಲಿ ಕಂಚು, 2000ದಲ್ಲಿ ಚಿನ್ನ. ಆಕೆ ಬಾಲ್ಯದಲ್ಲಿ ಕಾಲ್ಚೆಂಡಿನ ಆಟಗಾರ್ತಿ. ಹದಿನೈದರ ಹರೆಯದಲ್ಲಿ 1988ರ ಒಲಿಂಪಿಕ್ ಕೂಟಕ್ಕೆ ಹೋಗಿ ಮೊದಲ ಸುತ್ತಿನಲ್ಲಿಯೇ ಹೊರಬಿದ್ದಳು. ಮೂರು ವರ್ಷಗಳ ಬಳಿಕ ವಿದ್ಯಾರ್ಥಿವೇತನದ ಮೇಲೆ ಅಮೇರಿಕದ ಆರಿಗನ್ ಸಂಸ್ಥಾನಕ್ಕೆ ಹೋಗಿ, ಅಲ್ಲಿಯ ಶಾಲೆಯನ್ನು ಸೇರಿ, ಅಲ್ಲಿಯ ಗುರುವಿನ ಬಳಿ ವರ್ಷಗಟ್ಟಲೆ ಓಡಿದಳು. ನೆತ್ತರು ಸಾಕಾಗಿದ್ದರೆ ಮೊಜಾಂಬಿಕಿಗೆ ಪದಕಗಳ ರಾಶಿಯೇ ಬರಬೇಕಾಗಿತ್ತು. ಜಮೈಕಕ್ಕಾದರೋ ರಾಶಿ ಬಂದಿದೆ. ಅಲ್ಲಿ 1910ರಿಂದ ಪ್ರೌಢಶಾಲೆಗಳ ನಡುವೆ ವರ್ಷವರ್ಷವೂ ಓಟದ ಕೂಟವು ನಡೆಯುತ್ತಿದೆ, ಅದನ್ನು ನೋಡಲು ಕ್ರೀಡಾಂಗಣವು ಕಿಕ್ಕಿರಿದು ತುಂಬುತ್ತದೆ.

ಆನುವಂಶಿಕತೆಗೆ ಏನೂ ಬೆಲೆಯಿಲ್ಲವೆಂದು ನಾವು ಹೇಳುತ್ತಿಲ್ಲ. ಎತ್ತರ, ಕೈಕಾಲುಗಳ ಉದ್ದ, ಸ್ನಾಯುಗಳಲ್ಲಿ ಬೇಗ ಸಂಕೋಚಿಸುವ ಎಳೆಗಳೆಷ್ಟು, ನಿಧಾನವಾದುವೆಷ್ಟು ಎಂಬುದು, ಇವೆಲ್ಲ ತಂದೆತಾಯಿಗಳಿಂದ ಬಹಳಮಟ್ಟಿಗೆ ಬರುತ್ತವೆ. ವೇಗದ ಎಳೆಗಳಲ್ಲಿ ಆಲ್ಫಾ ಆಕ್ಟಿನಿನ್ 3 ಎಂಬ ಪ್ರೋಟೀನು ಇರುತ್ತದೆ. ಲೋಕದಲ್ಲಿ ಸುಮಾರು ಐದಾರು ಜನರಿಗೆ ಒಬ್ಬರಲ್ಲಿ ಅದನ್ನು ಕಟ್ಟುವ ಜೀನ್ ಕೆಟ್ಟಿರುವುದರಿಂದ ಆ ಪ್ರೋಟೀನೇ ಇರುವುದಿಲ್ಲ. ಅವರಿಗೆ ಯಾವ ರೋಗವೂ ಇಲ್ಲ. 2003ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಉನ್ನತಮಟ್ಟದ ವೇಗದ ಓಟಗಾರರಲ್ಲಿ ಇಂಥವರು ಬಹಳ ವಿರಳವೆಂದು ತೋರಿಸಿದಾಗ ಪತ್ರಿಕೆಗಳು ಇದನ್ನು "ವೇಗದ ಜೀನ್" ಎಂದು ಕರೆದುವು. ಆದರೆ ಉಳಿದ ನಾಲ್ಕೈದು ಜನರಲ್ಲಿ, ಎಂದರೆ ಭೂಮಿಯ ಮೇಲಿನ ಆರುನೂರು ಕೋಟಿಗೂ ಹೆಚ್ಚು ಜನರಲ್ಲಿ, ಆ ಜೀನ್ ಚೆನ್ನಾಗಿಯೇ ಇದೆ! ಈ ವಾಕ್ಯವನ್ನು ಓದುತ್ತಿರುವ ವಿದ್ಯಾರ್ಥಿಯಲ್ಲಿಯೂ ಇರುವ ಸಂಭವವೇ ಹೆಚ್ಚು. ಇಷ್ಟು ಅಗ್ಗವಾದ ಗುಣವನ್ನು ಹಿಡಿದು ವಿಜಯಿಯನ್ನು ಆರಿಸಲಾಗುವುದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದ ಸಿದ್ದಿಗಳು ಹತ್ತು ಸಾವಿರದ ಆಸುಪಾಸಿನವರು. ಒಂದು ಸಣ್ಣ ಪಟ್ಟಣದಷ್ಟು ಜನ. ಅಷ್ಟು ಜನರಿಂದ, ಅದೂ ಆರು ವರ್ಷಗಳಲ್ಲಿ, ಲೋಕವಿಜಯಿಯನ್ನು ನಿರೀಕ್ಷಿಸಿ, ಬರಲಿಲ್ಲವೆಂದು ಬೇಸರಪಟ್ಟುಕೊಂಡವರು ಸಂಭವನೀಯತೆಯ ಗಣಿತವನ್ನು ಓದಿರಲಿಲ್ಲವೆಂದೇ ಹೇಳಬೇಕು.

ಇನ್ನು ನಾವು ಘಟ್ಟವನ್ನಿಳಿದು ಕಾರವಾರದ ನೀರಿಗೆ ಬರೋಣ. ನೆತ್ತರಿನ ಬಗ್ಗೆ ಇರುವ ನಂಬಿಕೆಯ ತಂಗಿಯಂಥ ಇನ್ನೊಂದು ನಂಬಿಕೆ ಇಲ್ಲಿ ನಮಗೆ ಎದುರಾಗುತ್ತದೆ: ಕಡಲ ಮಕ್ಕಳಿಗೆ ದೋಣಿಯು ಹುಟ್ಟಿನಿಂದಲೇ ಬರುತ್ತದೆ ಎಂಬುದು. ಕಾಳಿಯ ಅಳಿವೆಯಿಂದ ಗಂಗಾವಳಿಯ ಅಳಿವೆಯವರೆಗೆ ಅಂಬಿಗರು, ಹರಿಕಂತ್ರರು, ಖಾರ್ವಿಗಳು ತಲೆತಲಾಂತರದಿಂದ ದೋಣಿ ನಡೆಸಿದವರು, ರಂಪಣಿ ಬಲೆಯನ್ನು ಎಳೆದವರು. ಹಾಗಾದರೆ ಹುಟ್ಟುದೋಣಿಯ ಸ್ಪರ್ಧೆಯಲ್ಲಿ, ಎಂದರೆ ರೋಯಿಂಗಿನಲ್ಲಿ, ಏಷ್ಯನ್ ಕೂಟದಲ್ಲಿ ಭಾರತಕ್ಕೆ ಪ್ರಥಮ ಚಿನ್ನವನ್ನು ತಂದವರು ಯಾವ ತೀರದವರು? 2010ರಲ್ಲಿ ಚೀನದ ಗುವಾಂಗ್‌ಝೌ ಕೂಟದಲ್ಲಿ ಅದನ್ನು ಗೆದ್ದವರು ಬಜರಂಗಲಾಲ್ ತಾಖರ್. ಊರು ರಾಜಸ್ಥಾನದ ಮರಳುನಾಡಿನ ಸೀಕರ್ ಜಿಲ್ಲೆಯಲ್ಲಿದೆ. 2016ರ ರಿಯೋ ಒಲಿಂಪಿಕ್ ಕೂಟದಲ್ಲಿ ಒಂಟಿದೋಣಿಯಲ್ಲಿ ಹದಿಮೂರನೆಯವರಾಗಿ, 2018ರ ಏಷ್ಯನ್ ಕೂಟದಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನವನ್ನು ಗೆದ್ದ ದತ್ತು ಭೋಕನಳ್ ನಾಸಿಕ ಜಿಲ್ಲೆಯ ಬರಪೀಡಿತ ಗ್ರಾಮದವರು. ತಂದೆಯೊಡನೆ ಬಾವಿ ತೋಡುವ ಕೂಲಿಗೆ ಹೋದವರು. ಇಬ್ಬರೂ ಹುಟ್ಟನ್ನು ಮೊದಲು ಹಿಡಿದುದು ಸೈನ್ಯವನ್ನು ಸೇರಿದ ಮೇಲೆ.

ಇದರಲ್ಲಿ ಪವಾಡವೇನೂ ಇಲ್ಲ. ಮೀನುಗಾರನ ದೋಣಿಯಲ್ಲಿ ಕೆಲಸಮಾಡುವುದು ಹೆಚ್ಚಾಗಿ ತೋಳು ಬೆನ್ನುಗಳು. ಸ್ಪರ್ಧೆಯ ದೋಣಿಯಲ್ಲಿ ಕುಳಿತುಕೊಳ್ಳುವ ಪೀಠವು ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಆಟಗಾರನು ಮಂಡಿಗಳನ್ನು ಮಡಿಸಿ, ಕಾಲುಗಳಿಂದ ಒದ್ದು, ಆ ಬಲವನ್ನು ಬೆನ್ನಿನ ಮೂಲಕ ಹುಟ್ಟಿಗೆ ಸಾಗಿಸುತ್ತಾನೆ. ಬಲದ ಬಹುಪಾಲು ತೊಡೆಗಳದು. ಒಂಟಿದೋಣಿಯು ಎಂಟು ಮೀಟರಿನಷ್ಟು ಉದ್ದ, ತೂಕವಾದರೋ ನಿಯಮದಂತೆ 14 ಕಿಲೋಗ್ರಾಮಿಗೆ ಕಡಿಮೆಯಿರಬಾರದೆಂಬಷ್ಟು ಹಗುರ. 2000 ಮೀಟರುಗಳನ್ನು ಏಳು ನಿಮಿಷಗಳ ಆಸುಪಾಸಿನಲ್ಲಿ ಮುಗಿಸಬೇಕು. ಅಷ್ಟು ಕಾಲ ಪೂರ್ಣ ಬಲವನ್ನು ಹಾಕಲು ಬೇಕಾದ ಶಕ್ತಿಯ ಮುಕ್ಕಾಲು ಪಾಲು ಉಸಿರಿನ ಆಮ್ಲಜನಕದಿಂದಲೇ ದೊರೆಯಬೇಕಾಗುತ್ತದೆ. ಆ ಆಮ್ಲಜನಕವನ್ನು ಸಾಗಿಸುವ ಹೃದಯವು ವರ್ಷಗಳ ಅಭ್ಯಾಸದಿಂದ ಹಿಗ್ಗುತ್ತದೆ, ಒಂದೊಂದು ಬಡಿತಕ್ಕೆ ಹೆಚ್ಚು ರಕ್ತವನ್ನು ತಳ್ಳುತ್ತದೆ. ಸೀಕರಿನ ಸೈನಿಕನಿಗೆ ಆ ವರ್ಷಗಳು ದೊರೆತುವು. ದೋಣಿ ದೊರೆಯಿತು, ಊಟ ದೊರೆಯಿತು, ಬೆಳಗ್ಗೆ ಎಬ್ಬಿಸಿ ಗಡಿಯಾರ ಹಿಡಿದು ನಿಲ್ಲುವ ಗುರು ದೊರೆತನು. ಮಂಜಗುಣಿಯ ತೀರದ ಹುಡುಗನಿಗೆ ತಾತನ ಕಾಲದಿಂದಲೂ ದೊರೆತಿರುವುದು ನೀರು ಮಾತ್ರ.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಜಾತಿಯನ್ನೋ ಕುಲವನ್ನೋ ನೋಡಿ ಪ್ರತಿಭೆಯನ್ನು ಹುಡುಕುವ ಪದ್ಧತಿಯನ್ನು ನಾವು ಬಿಡಬೇಕು. ಅದು ವಿಜ್ಞಾನಕ್ಕೆ ವಿರುದ್ಧವಾದುದಲ್ಲದೆ, ಮಗುವಿಗೂ ಅನ್ಯಾಯ. ಸಿದ್ದಿ ಬಾಲಕಿಯೊಬ್ಬಳಿಗೆ ಗಣಿತದಲ್ಲಿ ಆಸಕ್ತಿಯಿರಬಹುದು. ಅವಳ ಚರ್ಮದ ಬಣ್ಣವನ್ನು ನೋಡಿ ಓಟದ ಪಾದರಕ್ಷೆಗಳನ್ನು ಮುಂದಿಟ್ಟರೆ ಅದನ್ನು ಗೌರವವೆನ್ನಲಾದೀತೆ? ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನವು ದೊರೆತುದು 2003ರಲ್ಲಿ. ಪದಕವನ್ನು ಬೇಡಿ ಹದಿನಾರು ವರ್ಷಗಳಾದ ಮೇಲೆ! ಓಡಬೇಕೆಂಬ ಆಸೆಯುಳ್ಳ ಸಿದ್ದಿ ಮಗುವಿಗೆ ಹಾದಿಯಿರಲಿ, ಅದೇ ಹಾದಿಯು ಹಾಲಕ್ಕಿ ಮಗುವಿಗೂ ಅಂಬಿಗರ ಮಗುವಿಗೂ ಗುಮಾಸ್ತನ ಮಗುವಿಗೂ ಇರಲಿ. ಶಾಲೆಶಾಲೆಯಲ್ಲಿಯೂ ವರ್ಷಕ್ಕೆ ಎರಡು ಬಾರಿ ಎಲ್ಲ ಮಕ್ಕಳ ಎತ್ತರ, ತೂಕ, ತೋಳಿನ ಚಾಚು, ನಿಂತ ಜಿಗಿತ, 600 ಮೀಟರ್ ಓಟದ ಕಾಲ ಇವನ್ನು ಅಳೆದು ಒಂದು ಪುಸ್ತಕದಲ್ಲಿ ಬರೆದಿಡಲು ಒಂದು ಅಳತೆಪಟ್ಟಿಯೂ ಒಂದು ಗಡಿಯಾರವೂ ಸಾಕು. ಒಂದೇ ದಿನದ ಅಳತೆಯು ಮೋಸಗೊಳಿಸಬಹುದು. ಐದು ವರ್ಷಗಳ ಏರಿಕೆಯು ಮೋಸಗೊಳಿಸುವುದು ಕಷ್ಟ. ಬೇಗ ಬೆಳೆದ ಹುಡುಗನು ಹದಿಮೂರರಲ್ಲಿ ಎಲ್ಲರನ್ನೂ ಸೋಲಿಸಿ ಹದಿನೆಂಟರಲ್ಲಿ ಹಿಂದೆ ಬೀಳುವುದನ್ನು ಯಾವ ವ್ಯಾಯಾಮ ಶಿಕ್ಷಕರು ಕಂಡಿಲ್ಲ?

ಕಾರವಾರ ಅಂಕೋಲೆಗಳಿಗೆ ಸಂಬಂಧಪಟ್ಟಂತೆ ಇನ್ನೊಂದು ಸೂಚನೆ. ಈ ಎರಡು ತಾಲ್ಲೂಕುಗಳ ಪ್ರೌಢಶಾಲೆಗಳ ಮಕ್ಕಳು ರೋಯಿಂಗನ್ನು ಏಕೆ ಕಲಿಯಬಾರದು? ಕಾರವಾರದಲ್ಲಿ ನೌಕಾಪಡೆಯ ದೊಡ್ಡ ನೆಲೆಯಿದೆ; ನೀರನ್ನು ಬಲ್ಲ ಗುರುಗಳ ಕೊರತೆ ಬರಲಾರದು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ನದಿಗಳು ಮಕ್ಕಳ ಆಟಕ್ಕೆ ತಕ್ಕವಲ್ಲ. 2024ರ ಜುಲೈ 16ರಂದು ಶಿರೂರಿನ ಗುಡ್ಡವು ಗಂಗಾವಳಿಗೆ ಕುಸಿದುದನ್ನು ಈ ಸೀಮೆಯವರಿಗೆ ನೆನಪಿಸಬೇಕಾಗಿಲ್ಲ. ಆ ತಿಂಗಳುಗಳಲ್ಲಿ ಕೊಠಡಿಯೊಳಗಿನ ಅಭ್ಯಾಸಯಂತ್ರದ ಮೇಲೆ ತೊಡೆಗಳನ್ನೂ ಉಸಿರನ್ನೂ ಪಳಗಿಸಬಹುದು. ಉಳಿದ ಎಂಟು ತಿಂಗಳು ನೀರು ಕೈಗೆ ಸಿಗುತ್ತದೆ.

ಆದರೆ ಯಾವ ನೀರು? ಅಳಿವೆಗಳಲ್ಲಿ ದಿನಕ್ಕೆರಡು ಬಾರಿ ಉಬ್ಬರವಿಳಿತಗಳು ನಡೆಯುತ್ತವೆ. ಸೆಕೆಂಡಿಗೆ ಅರ್ಧ ಮೀಟರಿನ ಸೆಳವಿದ್ದರೆ ಏಳು ನಿಮಿಷಗಳಲ್ಲಿ ದೋಣಿಯು ಪುಕ್ಕಟೆಯಾಗಿ 210 ಮೀಟರ್ ಮುಂದೆ ಹೋಗುತ್ತದೆ, ಇಲ್ಲವೆ ಅಷ್ಟೇ ಹಿಂದೆ ಬೀಳುತ್ತದೆ. ಅಲ್ಲದೆ ನದಿಯ ನಡುವಿನ ಸೆಳವು ದಂಡೆಯ ಬಳಿಯದಕ್ಕಿಂತ ಬಲವಾದುದರಿಂದ ಆರು ಸಾಲುಗಳ ದೋಣಿಗಳಿಗೆ ಸಮಾನ ನ್ಯಾಯ ದೊರೆಯುವುದಿಲ್ಲ. ಅಭ್ಯಾಸಕ್ಕೆ ಇದು ಅಡ್ಡಿಯಲ್ಲ, ಸ್ಪರ್ಧೆಗೆ ಅಡ್ಡಿ. ಸದಾಶಿವಗಡದ ಸೇತುವೆಯಿಂದ ಮೇಲಕ್ಕೆ ಕದ್ರಾದ ಹಿನ್ನೀರಿನವರೆಗೆ 2000 ಮೀಟರ್ ನೇರವಾದ, ಸೆಳವು ಕಡಿಮೆಯಾದ ನೀರು ಎಲ್ಲೆಲ್ಲಿ ಇದೆಯೆಂಬುದನ್ನು ಕಾಲೇಜಿನ ಭೌತವಿಜ್ಞಾನ ವಿದ್ಯಾರ್ಥಿಗಳೇ ಅಳೆದು ನಕ್ಷೆ ಮಾಡಬಹುದು. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ; ಉಬ್ಬರವಿಳಿತದ ವಿಷಯದಲ್ಲಿ ಅಲ್ಲಿಯ ಅಧ್ಯಾಪಕರ ಸಲಹೆಯನ್ನು ಕೇಳಬಹುದು. ಉಪಕರಣಗಳು ಹೆಚ್ಚಿಲ್ಲ: ದಂಡೆಯ ಮೇಲೆ 100 ಮೀಟರಿನ ಅಂತರದಲ್ಲಿ ನೆಟ್ಟ ಎರಡು ಗೂಟಗಳು, ಒಂದು ಗಡಿಯಾರ, ನೀರಿಗೆ ಬಿಡಲು ಒಂದು ಸಿಪ್ಪೆಸಹಿತವಾದ ತೆಂಗಿನಕಾಯಿ, ಅದನ್ನು ಹಿಂದಕ್ಕೆ ತರಲು ಪಾತಿದೋಣಿಯ ಅಂಬಿಗನೊಬ್ಬನು. ಅಮಾವಾಸ್ಯೆಯ ದಿನ ಒಂದು ಬಾರಿ, ಅಷ್ಟಮಿಯ ದಿನ ಒಂದು ಬಾರಿ, ಪ್ರತಿ ಅರ್ಧ ಗಂಟೆಗೊಮ್ಮೆ ಕಾಯಿಯನ್ನು ತೇಲಿಬಿಟ್ಟು ಕಾಲವನ್ನು ಬರೆದುಕೊಳ್ಳಬೇಕು. ಅಷ್ಟಮಿಯಲ್ಲಿ ಸೆಳವು ಎಷ್ಟು ಇಳಿಯಿತೆಂಬುದು ಅಂಕಿಗಳಲ್ಲಿಯೇ ಕಾಣುತ್ತದೆ. ಮಳೆಗಾಲ ಕಳೆದು ನೀರು ತಿಳಿಯಾದ ನವೆಂಬರಿನಲ್ಲಿ ಈ ಕೆಲಸವನ್ನು ತೊಡಗುವುದು ಅನುಕೂಲ.